ಕೊತ್ತಿಯ ಬಾಣಂತನ, ನನ್ನ ಗಂಟು ಮುದ್ದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮುದ್ದೆ ಮಾಡಲು ಬರುತ್ತದೆ. ಇದನ್ನು ಹೀಗೆ ಹೇಳಿಕೊಳ್ಳಬೇಕಾಗಿ ಬಂದಿರುವುದೇ ನಾಚಿಕೆಯ ವಿಷಯ. ನಮ್ಮ ಕಡೆ ಒಬ್ಬ ಹೆಂಗಸು ಮುದ್ದೆ ಬರುತ್ತದೆ ಎನ್ನುವುದೂ ಉಸಿರಾಡಲು ಬರುತ್ತದೆ ಎನ್ನುವುದೂ ಒಂದೇ. ಆದರೂ ಭಾರತೀನಗರದ ನಮ್ಮ ಬೀದಿಯಲ್ಲಿ ಈಗ ಯಾರನ್ನು ಕೇಳಿದರೂ, ಟ್ರ್ಯಾಕ್ಟರ್ ಪುಟ್ಟಸ್ವಾಮಿಯ ಹೆಂಡತಿ ಜಯಮ್ಮನಿಗೆ ಎಲ್ಲ ಬರುತ್ತದೆ, ಮುದ್ದೆಯೊಂದು ಬರುವುದಿಲ್ಲ, ಗಂಟು ಕಟ್ಟುತ್ತದೆ ಎಂದೇ ಹೇಳುತ್ತಾರೆ. ಹೇಳುವಾಗ 'ಅಯ್ಯೋ ಪಾಪ' ಎಂಬ ಮುಖ ಬೇರೆ ಮಾಡುತ್ತಾರೆ. ಈ ಕೆಟ್ಟ ಹೆಸರಿಗೆ ಕಾರಣ ಒಂದು ಬೆಕ್ಕು, ನಮ್ಮ ಬಾಯಲ್ಲಿ ಕೊತ್ತಿ. ಅದರದು ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಹೆತ್ತಿತು, ಅಷ್ಟೆ. ಮಿಕ್ಕದ್ದನ್ನೆಲ್ಲ ಮಾಡಿಕೊಂಡದ್ದು ನಾವು.

ಕೊತ್ತಿ ನಮ್ಮ ಮನೆಗೆ ಸೇರಿಕೊಂಡದ್ದು ನಮ್ಮ ಯಜಮಾನರು ಇದ್ದಾಗಲೇ. ಅವರು ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಊಟಕ್ಕೆ ಕುಳಿತರೆ ಕೊತ್ತಿ ಎದುರಿಗೆ ಬಂದು, ಬಾಲವನ್ನು ಕಾಲಿಗೆ ಸುತ್ತಿಕೊಂಡು ಕುಳಿತು, ತಟ್ಟೆಯಿಂದ ಬಾಯಿಗೆ ಹೋಗುವ ತುತ್ತನ್ನೆಲ್ಲ ಕಣ್ಣಲ್ಲೇ ಹಿಂಬಾಲಿಸುತ್ತಿತ್ತು. "ಏನಮ್ಮಿ, ನನ್ನ ತುತ್ತು ಲೆಕ್ಕ ಆಕ್ತಾ ಕೂತಿದ್ದೀಯಾ?" ಎಂದು ಗದರುತ್ತಿದ್ದರು. ಗದರಿದ ಮೇಲೆ ಮೀನಿನ ತಲೆ ಎಸೆಯುತ್ತಿದ್ದರು. ಗದರದೆ ಎಸೆದರೆ ಅದು ತಿನ್ನುತ್ತಿತ್ತೋ ಇಲ್ಲವೋ, ನೋಡುವ ಅವಕಾಶ ನನಗೆ ಸಿಗಲಿಲ್ಲ. ಮುದ್ದೆಯ ಚೂರು ಹಾಕಿದರೆ ಮಾತ್ರ ಮೂಸಿ, ಯಾರೋ ಬೈದಂತೆ ಮುಖ ತಿರುಗಿಸುತ್ತಿತ್ತು. "ಮುದ್ದೆ ತಿನ್ನದೋಳು ಮಂಡ್ಯ ಜಿಲ್ಲೇಲಿ ಯಾಕ್ ಉಟ್ಟಿದ್ಯಮ್ಮಿ?" ಎಂದು ಅವರು ಕೇಳುತ್ತಿದ್ದರು. ಅವರಾದರೋ ಮುದ್ದೆ ಬಿಟ್ಟು ಎದ್ದವರೇ ಅಲ್ಲ. ಜ್ವರ ಬಂದಾಗ ಡಾಕ್ಟರು ಗಂಜಿ ಕುಡಿಯಿರಿ ಎಂದರೆ, ಆಗಲಿ ಎಂದು ತಲೆಯಾಡಿಸಿ ಬಂದು ಮುದ್ದೆ ಉಂಡವರು.

ಅವರು ಹೋದ ದಿನ ಮಾತ್ರ ಉಣ್ಣಲಿಲ್ಲ. ಬೆಳಿಗ್ಗೆ ಮುದ್ದೆ ಕಟ್ಟಿ ಹುರುಳಿ ಸಾರು ಬಿಸಿ ಮಾಡುತ್ತಿದ್ದೆ. ಕಾರ್ಖಾನೆ ಮುಂದೆ ಲೋಡುಗಳ ಸಾಲು ಬೆಳೆದಿದೆ ಎಂದು ಯಾರೋ ಫೋನ್ ಮಾಡಿದರು. "ಬಂದು ಉಣ್ತೀನಿ ಬುಡು, ಲೈನು ತಪ್ಪೋಯ್ತದೆ" ಎಂದು ಹೊರಟರು. ಆ ಸಾಲಿನಲ್ಲೇ, ಸೀಟಿನ ಮೇಲೆಯೇ, ಸ್ಟೇರಿಂಗಿಗೆ ತಲೆಯಿಟ್ಟು ಮುಗಿಸಿಬಿಟ್ಟರು. ಮುಂದಿನ ಗಾಡಿ ಸರಿದರೂ ಇವರದು ಸರಿಯಲಿಲ್ಲವೆಂದು ಹಿಂದಿನವರು ಹಾರನ್ ಹೊಡೆದರಂತೆ. ಹಾಗೆ ಹೊಡೆದವರೇ ಆಮೇಲೆ ಎಲ್ಲರಿಗಿಂತ ಹೆಚ್ಚು ಅತ್ತರು.

ನಾನು ಅಳಲಿಲ್ಲ. ಅದೇನು ಗಟ್ಟಿತನವಲ್ಲ, ಬರಲಿಲ್ಲ, ಅಷ್ಟೆ. ಬೀದಿಯ ಹೆಂಗಸರಿಗೆ ಅದೊಂದು ಕೊರತೆಯಾಗಿ ಉಳಿಯಿತು. ನನಗಿದ್ದ ಚಿಂತೆ ಬೇರೆ. ಅತ್ತೆ ಊಟ ಬಿಟ್ಟರು. ಪೂರ್ತಿ ಬಿಟ್ಟರೆ ಹೇಗಾದರೂ ಜಗಳವಾಡಬಹುದು. ಇವರು ತಟ್ಟೆಯ ಮುಂದೆ ಕೂರುತ್ತಿದ್ದರು, ಒಂದು ತುತ್ತು ಮುರಿಯುತ್ತಿದ್ದರು, "ಅಸ್ಕೊಂಡು ವೋದ ಕಣವ್ವ ನನ್ ಮಗ" ಎನ್ನುತ್ತಿದ್ದರು, ತಟ್ಟೆ ಸರಿಸುತ್ತಿದ್ದರು. ಮಗ ಸತ್ತದ್ದನ್ನು ಹೇಗೋ ಒಪ್ಪಿಕೊಂಡಿದ್ದರು, ಹಸಿದು ಸತ್ತದ್ದನ್ನು ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ. ಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದರು. ಡಾಕ್ಟರು ಒಂದು ಟಾನಿಕ್ ಕೊಟ್ಟರು. ಊಟವಾದ ಮೇಲೆ ಕುಡಿಯಬೇಕಿತ್ತು. ಊಟವೇ ಆಗುತ್ತಿರಲಿಲ್ಲವಾದ್ದರಿಂದ ಟಾನಿಕ್ಕು ಸೀಲು ಒಡೆಯದೆ ದೇವರ ಗೂಡಿನ ಪಕ್ಕ ನಿಂತಿತ್ತು. ಒಬ್ಬರು ಹೋಗಿದ್ದಾರೆ, ಇನ್ನೊಬ್ಬರು ನನ್ನ ಕಣ್ಣೆದುರೇ ಹೊರಡುತ್ತಿದ್ದಾರೆ ಎಂಬ ಭಯದಲ್ಲೇ ಆ ವರ್ಷ ಕಳೆಯಿತು.

ಇದರ ನಡುವೆ ಕೊತ್ತಿಗೆ ಹರೆಯ ಉಕ್ಕಿತು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಹಿಂಭಾಗ ಎತ್ತಿಕೊಂಡು, ಮಗು ಅತ್ತಂತೆ ಕೂಗತೊಡಗಿತು. ಎಲ್ಲೆಲ್ಲಿಯದೋ ಗಂಡು ಬೆಕ್ಕುಗಳು ನಮ್ಮ ಕಾಂಪೌಂಡಿನ ಮೇಲೆ ಬಂದು ಕುಳಿತವು. ಒಂದು ಕರಿಯದು, ಒಂದು ಕೆಂಪು, ಇನ್ನೊಂದಕ್ಕೆ ಅರ್ಧ ಕಿವಿಯೇ ಇಲ್ಲ. ಕಾರ್ಖಾನೆ ಮುಂದಿನ ಲೋಡುಗಳ ಹಾಗೆ ಸಾಲಾಗಿ ಕಾಯುತ್ತಿದ್ದವು. ಯಜಮಾನರಿದ್ದಿದ್ದರೆ ಒಂದು ಬಕೆಟ್ ನೀರು ಎರಚುತ್ತಿದ್ದರು. ಸಾವಿನ ಮನೆಯಲ್ಲಿ ಇದೇನು ಕರ್ಮ ಎಂದು ನಾನು ಸಂಕೋಚಪಟ್ಟೆ. ಕೊತ್ತಿಗೆ ಸೂತಕವಿರಲಿಲ್ಲ. ಆಮೇಲೆ ಕೂಗು ನಿಂತಿತು, ಗಂಡುಗಳು ಹೇಳದೆ ಕೇಳದೆ ಮಾಯವಾದವು, ಇದರ ಹೊಟ್ಟೆ ಎರಡೂ ಪಕ್ಕಕ್ಕೆ ಬೆಳೆಯಿತು.

ಬಸುರಿ ಕೊತ್ತಿ ಜಾಗ ಹುಡುಕುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಬಾಡಿಗೆ ಮನೆ ಹುಡುಕುವವರ ಗತ್ತು. ಅಕ್ಕಿ ಡ್ರಮ್ಮಿನ ಹಿಂದೆ ಹೋಗಿ ನೋಡಿತು, ಬೇಡವೆಂದಿತು. ಮಂಚದ ಕೆಳಗಿನ ರಟ್ಟಿನ ಡಬ್ಬಕ್ಕೆ ನಾನೇ ಹಳೆಯ ಸೀರೆ ಹಾಸಿಕೊಟ್ಟೆ. ಅದರಲ್ಲಿ ಒಂದು ಸುತ್ತು ತಿರುಗಿ, ಉಗುರಿನಿಂದ ಕೆರೆದು, ಹೊರಟುಹೋಯಿತು. ಕೊನೆಗೆ ಹೆತ್ತದ್ದು ಪಕ್ಕದ ಮನೆಯ ಮುಮ್ತಾಜಳ ಹಿತ್ತಿಲಲ್ಲಿ. ಅವಳ ಗಂಡ ಬೈಕ್ ರಿಪೇರಿ ಮಾಡುತ್ತಾನೆ. ಅಲ್ಲಿ ಗುಡ್ಡೆ ಹಾಕಿದ ಹಳೆಯ ಟೈರುಗಳಿದ್ದವು.

"ಜಯಕ್ಕಾ, ಬಾ ಬಾ, ನಿಮ್ಮ ಕೊತ್ತಿ ನಮ್ಮ ಟೈರ್ ಒಳಗೆ ಮರಿ ಆಕವ್ಳೆ" ಎಂದು ಗೋಡೆಯಾಚೆಯಿಂದ ಕೂಗಿದಳು. ಹೋಗಿ ನೋಡಿದೆ. ಎರಡು ಹುಟ್ಟಿದ್ದವು, ಮೂರನೆಯದು ಆಗತಾನೆ ಬರುತ್ತಿತ್ತು. ಬಂದ ಕೂಡಲೇ ಅದರ ಮೇಲಿನ ಚೀಲವನ್ನು ಹರಿದು, ಹೊಕ್ಕುಳ ಬಳ್ಳಿ ಕಚ್ಚಿ, ಹಿಂದೆಯೇ ಬಿದ್ದ ಮಾಸಿನ ಕಸವನ್ನು ತಾನೇ ತಿಂದು, ಮರಿ ಬಾಯಿ ಬಿಡುವವರೆಗೂ ನೆಕ್ಕಿತು. ಹಲಗೂರಿಗೆ ಕೊಟ್ಟಿರುವ ನನ್ನ ಮಗಳ ಬಾಣಂತನ ನೆನಪಾಯಿತು. ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿ, ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಅವಳ ಅತ್ತೆಯದೊಂದು ಸಲಹೆ, ನಮ್ಮತ್ತೆಯದು ಅದಕ್ಕೆ ಉಲ್ಟಾ. ಇಲ್ಲಿ ದಾಯಿ, ನರ್ಸು, ಅಡುಗೆಯವಳು, ಕಸ ತೆಗೆಯುವವಳು ಎಲ್ಲ ಒಬ್ಬಳೇ. ಸ್ವಲ್ಪ ಅವಮಾನವೇ ಆಯಿತು ಅನ್ನಿ.

ಮರಿಗಳಲ್ಲಿ ಒಂದು ಕಪ್ಪು, ಒಂದು ಕೆಂಪು, ಒಂದು ತಾಯಿಯ ಹಾಗೆ ಪಟ್ಟೆ ಪಟ್ಟೆ. "ಒಂದೊಂದಕ್ಕೆ ಒಬ್ಬೊಬ್ಬ ಅಪ್ಪ ಇರ್ಬೇಕು ಕಣಕ್ಕ" ಎಂದು ಮುಮ್ತಾಜ್ ಸೆರಗು ಬಾಯಿಗಿಟ್ಟುಕೊಂಡಳು. ಹಾಗೆ ಆಗುವುದೂ ಉಂಟಂತೆ, ದನದ ಡಾಕ್ಟರೇ ಹೇಳಿದರು. ಅತ್ತೆಗೆ ಹೇಳಿದೆ. "ಆದ್ರೆ ಆಗ್ಲಿ ಬುಡು, ಅವುಕ್ಕೇನು ರೇಷನ್ ಕಾರ್ಡ್ ಮಾಡಿಸ್ಬೇಕಾ?" ಎಂದರು. ಬಹಳ ದಿನದ ಮೇಲೆ ಅವರ ಬಾಯಲ್ಲಿ ಹಳೆಯ ಮಾತು ಕೇಳಿದಂತಾಯಿತು. ಆದರೆ ತಟ್ಟೆಯ ಮುಂದೆ ಮತ್ತೆ ಅದೇ ಒಂದು ತುತ್ತು.

ಬೈಕ್ ರಿಪೇರಿಗೆ ಬಂದವರೆಲ್ಲ ಬಗ್ಗಿ ಬಗ್ಗಿ ಮರಿ ನೋಡತೊಡಗಿದರು. ಒಂದು ಬೆಳಿಗ್ಗೆ ಟೈರು ಖಾಲಿ. ಕೊತ್ತಿ ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ, ಆಮೇಲೆಯೇ ಅವಕ್ಕೆ ಕಣ್ಣು ಚುರುಕಾಗುವುದು ಎಂದು ನಮ್ಮಲ್ಲಿ ನಂಬಿಕೆ. ದನದ ಡಾಕ್ಟರು ಹೇಳಿದ್ದು, ಜನರ ಕಾಟ, ವಾಸನೆ, ಸದ್ದು, ಇದರಿಂದ ಹೆದರಿ ಜಾಗ ಬದಲಿಸುತ್ತದೆ ಎಂದು. ಯಾವುದಾದರೂ ಆಗಲಿ, ಕುತ್ತಿಗೆಯ ಸಡಿಲ ಚರ್ಮ ಕಚ್ಚಿಕೊಂಡು ಒಂದೊಂದನ್ನೇ ಸಾಗಿಸಿತ್ತು. ಎಲ್ಲಿಗೆಂದು ಗೊತ್ತಾಗಲಿಲ್ಲ. ನನ್ನ ಹತ್ತಿರ ಬಂದು ಹಾಲು ಕುಡಿಯುತ್ತಿತ್ತು, ಹಿಂದೆ ಹೋದರೆ ನಿಂತು ಮೈ ನೆಕ್ಕಿಕೊಳ್ಳುತ್ತಿತ್ತು, ನಾನು ಬೇಸತ್ತು ಒಳಗೆ ಬಂದ ಮೇಲೆ ಮಾಯ. ಬಾಣಂತಿಯ ಹಸಿವು ಅದಕ್ಕೆ. ಎಷ್ಟು ಹಾಕಿದರೂ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಪಿತೃಪಕ್ಷ ಬಂತು. ವರ್ಷದ ತಿಥಿ ಕಳೆದ ಮೇಲಿನ ಮೊದಲ ಪಕ್ಷ. ನಮ್ಮಲ್ಲಿ ಅವತ್ತು ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಕೋಣೆಯಲ್ಲಿ ಬಾಳೆ ಎಲೆ ಹಾಕಿ ಎಡೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆಗೆಯುತ್ತೇವೆ. ಎಲೆ ಇಟ್ಟ ಹಾಗೇ ಇರುತ್ತದೆ, ಆದರೂ ಉಂಡರು ಎಂದುಕೊಂಡು ಕೈಮುಗಿದು ನಾವು ಊಟಕ್ಕೆ ಕೂರುತ್ತೇವೆ. ಅತ್ತೆ ಈ ದಿನಕ್ಕಾಗಿಯೇ ಜೀವ ಹಿಡಿದುಕೊಂಡಿದ್ದರು. "ಅವತ್ತು ಬಂದು ಉಣ್ತೀನಿ ಅಂದಿದ್ನಲ್ಲ, ಇವತ್ತು ಬತ್ತನೆ" ಎಂದರು. ನನಗೆ ಅಡುಗೆ ಮಾಡುವಾಗ ಒಂದೇ ಚಿಂತೆ. ಎಲೆ ಇಟ್ಟ ಹಾಗೇ ಇದ್ದರೆ ಈ ಮುದುಕಿ ಇವತ್ತೂ ತಟ್ಟೆ ಸರಿಸುತ್ತಾರಲ್ಲ ಎಂದು.

ಎಡೆ ಇಟ್ಟದ್ದು ಚಿಕ್ಕ ಕೋಣೆಯಲ್ಲಿ, ಯಜಮಾನರ ಸಾಮಾನು, ರಾಗಿ ಮೂಟೆ ಎಲ್ಲ ಇರುವುದು ಅಲ್ಲೇ. ಅವರು ಹೋದ ಮೇಲೆ ನಾನು ಆ ಕೋಣೆಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಹಿಂದಿನ ದಿನ ಮುಂಭಾಗ ಗುಡಿಸಿ ಸಾರಿಸಿದ್ದೆ, ಮೂಟೆಗಳ ಹಿಂದೆ ಕೈ ಹಾಕಿರಲಿಲ್ಲ. ನಾಟಿ ಕೋಳಿ ಸಾರು, ಹುರಿದ ಮೀನು, ಅನ್ನ, ಕಜ್ಜಾಯ, ನಡುವೆ ಬೊಗಸೆಯಷ್ಟು ದೊಡ್ಡ ಮುದ್ದೆ. ಕನ್ನಡಿಯ ಹಾಗೆ ನುಣ್ಣಗಿತ್ತು, ದಯವಿಟ್ಟು ಇದನ್ನು ನೆನಪಿಡಿ. ಮೈದುನ ಚಿಕ್ಕಣ್ಣ ಬರುವಾಗ ಮದ್ದೂರಿನಲ್ಲಿ ಇಳಿದು ವಡೆ ತಂದಿದ್ದ. ಬೀಡಿ ಕಟ್ಟಿನ ಪಕ್ಕ ಒಂದು ಚಿಕ್ಕ ಸೀಸೆಯನ್ನೂ ಮುಚ್ಚಳ ತೆಗೆದು ಇಟ್ಟ. "ಅಣ್ಣಂಗೆ ಮುಚ್ಳ ತಿರುವೋ ತಾಪತ್ರಯ ಬ್ಯಾಡ" ಎಂದ. ಬಾಗಿಲು ಮುಚ್ಚಿದೆವು.

ಹೊರಗೆ ಜಗಲಿಯಲ್ಲಿ ಕುಳಿತೆವು. ಅತ್ತೆ ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಏನೋ ಉರುಳಿದ ಸದ್ದಾಯಿತು. ಚಿಕ್ಕಣ್ಣ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಆಮೇಲೆ ಅವನು ಕೆಮ್ಮಿ, ಬಾಗಿಲು ತಟ್ಟಿ, ತೆಗೆದು, ಅಲ್ಲೇ ನಿಂತುಬಿಟ್ಟ.

ಮೀನು ಇರಲಿಲ್ಲ. ಕೋಳಿಯ ತುಂಡುಗಳೂ ಇರಲಿಲ್ಲ, ಒಂದು ಮೂಳೆ ಎಲೆಯಾಚೆ ಬಿದ್ದಿತ್ತು. ಸೀಸೆ ಉರುಳಿ ಖಾಲಿಯಾಗಿತ್ತು.

"ಅಣ್ಣ ಬಂದವ್ನೆ ಕಣ್ರವ್ವೋ!" ಎಂದು ಚಿಕ್ಕಣ್ಣ ಕೂಗಿದ. "ಮೀನು ತಿಂದವ್ನೆ, ಕೋಳಿ ತಿಂದವ್ನೆ, ಸೀಸೆ ಪೂರಾ ಮುಗ್ಸವ್ನೆ!" ಹಲಗೂರಿನಿಂದ ಬಂದಿದ್ದ ಮಗಳು ಅಪ್ಪಾ ಎಂದು ಬಾಗಿಲಿಗೆ ಒರಗಿದಳು. ಬೀದಿಯ ಹೆಂಗಸರು ಒಳಗೆ ನುಗ್ಗಿದರು. ಆ ಗದ್ದಲದಲ್ಲಿ, ರಾಗಿ ಮೂಟೆಗಳ ಹಿಂದಿನಿಂದ 'ಮೀ' ಎಂದು ಸೂಜಿಯ ಮೊನೆಯಷ್ಟು ಸಣ್ಣ ದನಿ ಬಂತು.

ಒಂದೇ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಗೋಡೆಯ ಮೇಲಿನ ಗವಾಕ್ಷಿ, ಮಾಯವಾಗುವ ಕೊತ್ತಿ, ಬಾಣಂತಿಯ ಹಸಿವು. ಎರಡನೇ ಸಲ 'ಮೀ' ಎಂದರೆ ಚಿಕ್ಕಣ್ಣ ಮೂಟೆ ಎಳೆಯುತ್ತಾನೆ, ಎಡೆ ಮೈಲಿಗೆಯಾಯಿತು ಎನ್ನುತ್ತಾನೆ, ಮರಿಗಳು ಬೀದಿಗೆ ಬೀಳುತ್ತವೆ, ಬಾಗಿಲಲ್ಲಿ ನಿಂತಿರುವ ಅತ್ತೆ ಕುಸಿದರೆ ಇನ್ನು ಏಳುವುದಿಲ್ಲ. ಆ ದನಿ ಮುಚ್ಚಲು ನನಗೆ ಬೇರೇನೂ ತೋಚಲಿಲ್ಲ. "ಅಯ್ಯೋ, ಬಂದ್ರಾ!" ಎಂದು ಗಟ್ಟಿಯಾಗಿ ಕೂಗಿದೆ. ಒಳಗಿನಿಂದ ಮತ್ತೆ 'ಮೀ'. ನಾನು ಇನ್ನೂ ಗಟ್ಟಿಯಾಗಿ ಕೂಗಿದೆ. ಮರಿಗೂ ನನಗೂ ಪೈಪೋಟಿ. ಹಾಗೆ ಕೂಗುತ್ತಾ ಕೂಗುತ್ತಾ ಯಾವಾಗ ಅದು ನಿಜವಾದ ಅಳುವಾಯಿತೋ ನನಗೇ ಗೊತ್ತಾಗಲಿಲ್ಲ. ಮರಿ ಸುಮ್ಮನಾದ ಮೇಲೂ ನಾನು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗಲಿಲ್ಲ.

"ಅತ್ಕೊಳ್ಳವ್ವ, ಅತ್ಕೊ" ಎಂದು ಹೆಂಗಸರು ಬೆನ್ನು ಸವರಿದರು. "ಸದ್ಯ, ಈಗ್ಲಾದ್ರೂ ಅತ್ಲಲ್ಲ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಕೇಳಿಸಿತು. ನನಗೂ ಹಗುರಾಗಿತ್ತು, ಸುಳ್ಳು ಹೇಳಬಾರದು.

ಎಲ್ಲರೂ ಊಟಕ್ಕೆ ಕುಳಿತ ಮೇಲೆ ಮೆಲ್ಲನೆ ಕೋಣೆಗೆ ಹೋಗಿ ಮೂಟೆಯ ಹಿಂದೆ ಬಗ್ಗಿದೆ. ಯಜಮಾನರು ಚಳಿಗೆ ಹೊದೆಯುತ್ತಿದ್ದ ಕಂಬಳಿ ಒಂದು ಬಿದಿರು ಮಂಕರಿಯಲ್ಲಿತ್ತು. ಅದರ ಮೇಲೆ ಕೊತ್ತಿ ಮಲಗಿ, ಮೂರಕ್ಕೂ ಮೊಲೆ ಕೊಡುತ್ತಾ, ಮೀಸೆಗೆ ಹತ್ತಿದ ಮೀನಿನ ಎಣ್ಣೆಯನ್ನು ನೆಕ್ಕಿಕೊಳ್ಳುತ್ತಿತ್ತು. ನನ್ನನ್ನು ನೋಡಿ ಕಣ್ಣು ಅರ್ಧ ಮುಚ್ಚಿತು. ಬಡಿಸಿದ್ದು ಚೆನ್ನಾಗಿತ್ತು ಎಂದ ಹಾಗೆ.

ಇನ್ನೇನು, ಅತ್ತೆ ಇವತ್ತು ಹೊಟ್ಟೆ ತುಂಬ ಉಣ್ಣುತ್ತಾರೆ ಎಂದು ಅಡುಗೆ ಮನೆಗೆ ಬಂದರೆ, ಅವರ ತಟ್ಟೆ ಆಗಲೇ ಸರಿದಿತ್ತು.

"ಮುದ್ದೆ ಮುಟ್ಟಿಲ್ಲ ಕಣವ್ವ" ಎಂದರು.

ಅಷ್ಟು ಜನ ಮೀನು ನೋಡಿದ್ದರು, ಕೋಳಿ ನೋಡಿದ್ದರು, ಸೀಸೆ ನೋಡಿದ್ದರು. ಹೆತ್ತ ತಾಯಿ ಮುದ್ದೆ ನೋಡಿದ್ದರು. "ಮೀನು ತಿಂದು ಮುದ್ದೆ ಬುಟ್ಟು ಏಳೋನಾ ನನ್ ಮಗ? ಬಂದಿದ್ದೋನು ಯಾವನೋ. ನನ್ ಮಗ ಇನ್ನೂ ಅಸ್ಕೊಂಡೇ ಅವ್ನೆ" ಎಂದರು. ಅವತ್ತಿನಿಂದ ಇದ್ದ ಒಂದು ತುತ್ತೂ ಅರ್ಧಕ್ಕೆ ಇಳಿಯಿತು.

ನಿಜ ಹೇಳಿಬಿಡಲೇ ಎಂದು ಯೋಚಿಸಿದೆ. ನಿಜ ಹೇಳಿದರೆ, ಬಂದವನು ಮಗನಲ್ಲ ಎಂಬುದು ಗಟ್ಟಿಯಾಗುತ್ತದೆ, ಬೇರೇನೂ ಲಾಭವಿಲ್ಲ. ಯೋಚಿಸಲು ಮೂಟೆಗಳ ಹತ್ತಿರ ಹೋಗಿ ಕೂರುವುದು ರೂಢಿಯಾಯಿತು. ಮೂರು ಮರಿಗಳೂ ತಮ್ಮ ತಮ್ಮ ಮೊಲೆ ಗೊತ್ತು ಮಾಡಿಕೊಂಡಿದ್ದವು. ಬೇರೆಯವರ ಜಾಗಕ್ಕೆ ಹೋದರೆ ಜಗಳ. ಕುಡಿದ ಮೇಲೆ ತಾಯಿ ಒಂದೊಂದರ ಹೊಟ್ಟೆ, ಬುಡ ಎಲ್ಲ ನೆಕ್ಕುತ್ತಿತ್ತು. ಹಾಗೆ ನೆಕ್ಕದಿದ್ದರೆ ಅಷ್ಟು ಚಿಕ್ಕ ಮರಿಗೆ ಒಂದಕ್ಕೆ ಎರಡಕ್ಕೆ ಆಗುವುದೇ ಇಲ್ಲವಂತೆ. ಅದರಿಂದ ಬಂದದ್ದನ್ನೂ ತಾನೇ ನುಂಗಿ ಜಾಗ ಶುದ್ಧವಾಗಿಡುತ್ತಿತ್ತು. ವಾಸನೆ ಹಿಡಿದು ಶತ್ರು ಬರಬಾರದಲ್ಲ. ಮರಿಗಾಗಿ ಇದು ಏನೇನು ನುಂಗುತ್ತದೆ, ನಾನು ಒಂದು ಹೆಸರು ನುಂಗಿದರೆ ಗಂಟಲೇನು ಕಟ್ಟುತ್ತದೆಯೇ ಎನ್ನಿಸಿತು. ಎದ್ದು ಅತ್ತೆಯ ಹತ್ತಿರ ಹೋದೆ.

"ಅತ್ತೆ, ಅವತ್ತು ಎಡೆಗೆ ಇಟ್ಟಿದ್ನಲ್ಲ ಮುದ್ದೆ, ಅದು ಗಂಟಾಗಿತ್ತು."

"ಏನಂದೆ?"

"ಗಂಟಾಗಿತ್ತು ಕಣತ್ತೆ. ಅವಸರದಾಗೆ ಸರ್ಯಾಗಿ ತಿರುವ್ನಿಲ್ಲ. ಒಳಗೆ ಹಸಿ ಇಟ್ಟೂ ಇತ್ತು." ಹೇಳುವಾಗ ನಾಲಿಗೆ ಹಿಂದಕ್ಕೆ ಎಳೆಯುತ್ತಿತ್ತು. ಕಳ್ಳತನ ಮಾಡಿದೆ ಎಂದು ಒಪ್ಪಿಕೊಳ್ಳುವುದು ಇದಕ್ಕಿಂತ ಸುಲಭ.

ಅತ್ತೆ ನೆಟ್ಟಗೆ ಕುಳಿತರು. "ಥೂ ನಿನ್ನ! ಗಂಡನ ಎಡೆಗೆ ಗಂಟು ಮುದ್ದೆ ಇಕ್ಕಿದ್ಯಾ? ಇಷ್ಟು ವರ್ಸ ನಂತಾವ ಇದ್ದು ಇದಾ ಕಲ್ತಿದ್ದು?" ವರ್ಷದಿಂದ ಇಲ್ಲದ ದನಿ. ಮುಮ್ತಾಜ್ ಗೋಡೆಯಾಚೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. "ಅದ್ಕೇ ಬುಟ್ಟವ್ನೆ! ಗಂಟು ಕಂಡ್ರೆ ಚಿಕ್ಕೋನಿದ್ದಾಗಿಂದ್ಲೂ ಮುಟ್ಟೋನಲ್ಲ ಅವ್ನು. ಮೀನು ತಿಂದ್ನಲ್ಲ?"

"ತಿಂದ್ರು ಅತ್ತೆ."

"ಕೋಳೀನೂ ತಿಂದ್ನಲ್ಲ?"

"ಒಂದು ಮೂಳೆ ಬುಟ್ಟು ಎಲ್ಲ."

"ಒಟ್ಟೆ ತುಂಬಿರ್ತದೆ ಬುಡು." ಅವರು ಕಣ್ಣು ಒರೆಸಿಕೊಂಡರು. ಆಮೇಲೆ, "ಏನೈತೆ? ಇಕ್ಕು" ಎಂದರು.

ಅವತ್ತು ಅವರು ಉಂಡದ್ದನ್ನು ನಾನು ಕೊತ್ತಿಯ ಹಾಗೆ ಎದುರಿಗೆ ಕೂತು, ತುತ್ತು ತುತ್ತೂ ನೋಡಿದೆ. ಟಾನಿಕ್ಕಿನ ಸೀಲು ಒಡೆದೆ.

ಆ ಸಂತೋಷ ಸಂಜೆಯವರೆಗೂ ಇತ್ತು. ಸಂಜೆಗೆ ಅತ್ತೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಮಗ ಬಂದದ್ದಕ್ಕೆ ಅದು ಸಾಕ್ಷಿಯಲ್ಲವೇ, ಹೇಳದೆ ಹೇಗಿರುತ್ತಾರೆ? "ಏನ್ ಜಯಕ್ಕ, ಮುದ್ದೆ ಗಂಟಂತೆ? ನಮ್ಮನೇಗ್ ಬಾ, ನಾನು ಯೇಳ್ಕೊಡ್ತೀನಿ" ಎಂದು ಮುಮ್ತಾಜ್ ನಕ್ಕಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಮುದ್ದೆ ಕಲಿಸಿದ್ದು ನಾನು. ಹಲಗೂರಿನಿಂದ ಮಗಳು ಫೋನ್ ಮಾಡಿ, "ಅಮ್ಮಾ, ನಮ್ಮತ್ತೆ ಕೇಳ್ತಾವ್ರೆ, ಏನ್ ಯೇಳ್ಲಿ?" ಎಂದಳು. ಗಂಟು ಎಂದೇ ಹೇಳು ಎಂದೆ.

ಅದಕ್ಕಿಂತ ದೊಡ್ಡದು ಮುಂದೆ ಬಂತು. ಅತ್ತೆ ದಿನಾ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರತೊಡಗಿದರು. "ಉರಿ ಸಣ್ಣ ಮಾಡು. ಕೋಲು ಅಂಗಲ್ಲ, ಇಂಗೆ ಇಡಿ. ಒತ್ತಿ ತಿರುವು." ಮುದ್ದೆಯಾದ ಮೇಲೆ ಗಂಟಿದೆಯೋ ಇಲ್ಲವೋ ನೋಡಲು ಅವರೇ ಮೊದಲು ಉಣ್ಣಬೇಕು. ಉಂಡು, "ಪರ್ವಾಗಿಲ್ಲ, ಇನ್ನೂ ಬರ್ಬೇಕು" ಎನ್ನುತ್ತಿದ್ದರು. ಬಳೆ ಮತ್ತೆ ಮಣಿಕಟ್ಟಿಗೆ ಇಳಿಯಿತು.

ಅದೇ ದಿನಗಳಲ್ಲಿ ಹಿತ್ತಿಲಲ್ಲಿ ಕೊತ್ತಿಯದೂ ಪಾಠ. ಮೊದಲು ಸತ್ತ ಇಲಿ ತಂದು ಮರಿಗಳ ಮುಂದೆ ಹಾಕಿತು. ಆಮೇಲೆ ಅರೆಜೀವದ್ದು. ಆಮೇಲೆ ಜೀವಂತ ಇಲಿಯನ್ನೇ ತಂದು ಬಿಟ್ಟು, ತಾನು ದೂರ ಕುಳಿತು ನೋಡಿತು. ಮರಿಗಳು ಹೆದರಿ ಒಂದರ ಮೇಲೊಂದು ಬಿದ್ದವು, ಇಲಿ ಬಚ್ಚಲಿಗೆ ಓಡಿತು, ಕೊತ್ತಿ ಹೋಗಿ ಹಿಡಿದು ತಂದು ಮತ್ತೆ ಬಿಟ್ಟಿತು. ಒಳಗೆ "ಒತ್ತಿ ತಿರುವು", ಹೊರಗೆ ಅದು. ಮರಿಗಳು ನನಗಿಂತ ಬೇಗ ಕಲಿತವು. ಹಲ್ಲು ಚೂಪಾದ ಮೇಲೂ ಮೊಲೆಗೆ ಬಂದವುಗಳಿಗೆ ತಾಯಿ ಬುಸ್ ಎಂದು ಕೆನ್ನೆಗೆ ಒಂದು ಕೊಟ್ಟಿತು. ಅಷ್ಟು ನುಂಗಿ ಸಾಕಿದವಳು ಇವಳೇನಾ ಎನ್ನಿಸಿತು. ಒಂದು ದಿನ ಹೀಗೆ ದೂರ ತಳ್ಳಲೆಂದೇ ಸಾಕಿದ್ದಿರಬೇಕು. ಕರಿಯದು ಮುಮ್ತಾಜಳ ಗ್ಯಾರೇಜಿಗೆ ಹೋಯಿತು, ಕೆಂಪು ಹಲಗೂರಿಗೆ ಬಸ್ಸಿನಲ್ಲಿ ಕೂಗಿಕೊಂಡೇ ಹೋಯಿತು, ಪಟ್ಟೆಯದು ನಮ್ಮಲ್ಲೇ ಉಳಿಯಿತು. ತಾಯಿ ಕೊತ್ತಿಯನ್ನು ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆ. ಇನ್ನೊಂದು ಪಕ್ಷಕ್ಕೆ ಇನ್ನೊಂದು ಬಾಣಂತನವಾದರೆ, ನುಂಗಲು ನನ್ನಲ್ಲಿ ಬೇರೆ ಹೆಸರಿಲ್ಲ.

ಮೊನ್ನೆ ಭಾನುವಾರ ಮೀನು ತಂದಿದ್ದೆವು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಅತ್ತೆ ಎಂದಿನಂತೆ ಮಣೆಯ ಮೇಲೆ. ಕೊತ್ತಿ ಬಂದು ಬಾಲ ಸುತ್ತಿಕೊಂಡು ಅವರ ಎದುರಿಗೆ ಕುಳಿತಿತು. ಅತ್ತೆ ಮಗನ ಹಾಗೆಯೇ ಒಂದು ಸಲ ಗದರಿ, ಮೀನಿನ ತಲೆ ಹಾಕಿದರು. ಅದು ತಿನ್ನುವುದನ್ನೇ ನೋಡುತ್ತಾ, ನನಗಲ್ಲ, ಅದಕ್ಕೆ ಹೇಳಿದರು:

"ತಿನ್ನವ್ವ, ತಿನ್ನು. ಮೀನಾದ್ರೆ ತಿಂತೀಯ, ಕೋಳಿಯಾದ್ರೆ ತಿಂತೀಯ. ಮುದ್ದೆ ಇಕ್ಕಿದ್ರೆ ಮಾತ್ರ ಮುಟ್ಟಕ್ಕಿಲ್ಲ. ನಂಗೊತ್ತಿಲ್ವಾ?"

ನನ್ನ ಕೈಯಲ್ಲಿ ಕೋಲು ನಿಂತಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅತ್ತೆ ನಕ್ಕರೋ, ಕೆಮ್ಮಿದರೋ, ಅದೂ ತಿಳಿಯಲಿಲ್ಲ. "ಏನವ್ವ ನಿಂತ್ಬುಟ್ಟೆ? ತಿರುವು" ಎಂದರು. ತಿರುವಿದೆ. ಅಷ್ಟರಲ್ಲಿ ತಡವಾಗಿತ್ತು. ಅವತ್ತು ಮುದ್ದೆ ನಿಜವಾಗಿಯೂ ಗಂಟಾಯಿತು. ಅತ್ತೆ ಮಾತಿಲ್ಲದೆ ಪೂರ್ತಿ ಉಂಡರು.